ಕೌದಿಯಲ್ಲಿ ಸಿಕ್ಕ ಕೆಂಪು ಹುಂಜ

(ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಸೈನಿಕರ ಮನೆಗಳಿಂದ ತಂದಿಟ್ಟ ಹಳೆಯ ವಸ್ತುಗಳನ್ನು ನೋಡಲು ಹಾನಗಲ್ಲಿನಲ್ಲಿ ಸೇರಿದ್ದವರ ಮುಂದೆ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಈಗಷ್ಟೇ ಸಂಗ್ರಾಹಕ ಎಂದು ಪರಿಚಯ ಮಾಡಿಕೊಟ್ಟರು. ಆ ಮಾತಿಗೆ ನಾನು ಎಷ್ಟರಮಟ್ಟಿಗೆ ತಕ್ಕವನು ಎಂಬುದನ್ನು ಒಂದು ಹಳೆಯ ಪ್ರಸಂಗ ಕೇಳಿ ನೀವೇ ತೀರ್ಮಾನಿಸಿ.

ಮೂವತ್ತು ವರ್ಷಗಳ ಹಿಂದಿನ ಮಾತು. ಇದೇ ಹಾನಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದೆ. ಶಾಲೆಯ ಹಿಂದಿನ ಮನೆಯವರು ಒಂದು ದಿನ ಕೌದಿಯನ್ನು ಬಿಸಿಲಿಗೆ ಹಾಕಿದ್ದರು. ಇಳಕಲ್ಲ ಸೀರೆಯ ಚೂರು, ಧೋತರದ ಅಂಚು, ಮಕ್ಕಳ ಅಂಗಿಯ ತುಂಡು, ಇವುಗಳ ನಡುವೆ ಅಂಗೈಗಿಂತ ಚಿಕ್ಕದೊಂದು ಹಳದಿ ಬಟ್ಟೆಯ ಬಿಲ್ಲೆ. ಅದರ ಮೇಲೆ ಕಾಳಗಕ್ಕೆ ನಿಂತ ಕೆಂಪು ಹುಂಜ. ಮನೆಯ ಮುದುಕಿಯನ್ನು ಕೇಳಿದೆ. ‘ನಮ್ಮಪ್ಪಂದರೀ ಮಾಸ್ತರ, ಬರ್ಮಾಕ್ಕ ಹೋಗಿದ್ನಲ್ಲ, ಆವಾಗಿಂದು. ಅಂಗಿ ಹರದ ಹೋತು, ಇದೊಂದ ಗಟ್ಟಿ ಇತ್ತು. ಅದಕ್ಕ ತೇಪಿ ಹಚ್ಚೇನಿ’ ಎಂದಳು. ನಾನು ಆಸೆಪಟ್ಟಿದ್ದನ್ನು ಕಂಡು ಕತ್ತರಿ ತಂದು ಹೊಲಿಗೆ ಬಿಚ್ಚಿ ಕೊಟ್ಟೇಬಿಟ್ಟಳು. ಹೊಸ ದುಪ್ಪಟಿಗೆಂದು ಸ್ವಲ್ಪ ಹಣ ಕೊಟ್ಟೆ. ಅಷ್ಟರಲ್ಲಿ ಶಾಲೆಯ ಗಂಟೆಯಾಯಿತು. ಬಿಲ್ಲೆಯನ್ನು ಪುಸ್ತಕದೊಳಗಿಟ್ಟುಕೊಂಡು ಬಂದೆ. ಅವಳ ಅಪ್ಪನ ಹೆಸರು ಕೇಳಲಿಲ್ಲ.

ಆ ಹುಂಜ ಯಾವುದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ನನಗೆ ವರ್ಗವಾಗಿತ್ತು, ಮುದುಕಿ ತೀರಿಕೊಂಡಿದ್ದಳು, ಮಕ್ಕಳು ಕೆಲಸ ಹುಡುಕಿ ಗೋವೆಯ ಕಡೆ ಹೋಗಿದ್ದರು, ಮನೆ ಬೇರೆಯವರ ಕೈಸೇರಿತ್ತು. ಊರಿನಲ್ಲಿ ವಿಚಾರಿಸಿದರೆ ‘ಹೌದು, ಮಿಲಿಟರಿ ಅಜ್ಜ ಅಂತ ಒಬ್ಬಾಂವ ಇದ್ದ’ ಎಂಬಷ್ಟೇ ಉತ್ತರ. ಮಿಲಿಟರಿ ಅಜ್ಜ ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ. ಹೀಗಾಗಿ ನನ್ನ ಹತ್ತಿರ ಇಂದು ಹುಂಜವಿದೆ, ಮನುಷ್ಯನಿಲ್ಲ.

ಹುಂಜ ಹೇಳುವುದೆಷ್ಟು, ಹೇಳದೆ ಉಳಿಸಿಕೊಳ್ಳುವುದೆಷ್ಟು ಎಂಬುದನ್ನು ಸ್ವಲ್ಪ ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ಹಳದಿ ನೆಲದ ಮೇಲಿನ ಕೆಂಪು ಹುಂಜ 23ನೆಯ ಭಾರತೀಯ ಡಿವಿಜನ್ನಿನ ಗುರುತು. ಡಿವಿಜನ್ ಎಂದರೆ ಹಲವು ಪಲಟಣಿಗಳು ಸೇರಿದ, ಹದಿನೈದು ಸಾವಿರದ ಆಸುಪಾಸಿನ ಸೈನ್ಯ. ಇದು ಇಂಫಾಲದ ಸುತ್ತ ಜಪಾನೀಯರನ್ನು ತಡೆದ ಸೈನ್ಯಗಳಲ್ಲೊಂದು. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ಗುಡ್ಡದೂರಿನಲ್ಲಿ ನಡೆದ ಕದನದಲ್ಲಿ ಈ ಡಿವಿಜನ್ನಿಗೆ ಸೇರಿದ ಮರಾಠಾ ರೆಜಿಮೆಂಟಿನ ನಾಲ್ಕನೆಯ ಪಲಟಣಿ ಪ್ಯಾರಾಶೂಟ್ ಬ್ರಿಗೇಡಿನ ಜೊತೆ ನಿಂತು ಕಾದಿತ್ತು. ಮುಂದೆ ಯುದ್ಧ ಮುಗಿದ ಮೇಲೆ ಇದೇ ಹುಂಜವನ್ನು ತೋಳಿಗೆ ಹಚ್ಚಿಕೊಂಡ ಸಿಪಾಯಿಗಳನ್ನು ಜಾವಾ ದ್ವೀಪಕ್ಕೆ ಕಳಿಸಿದರು. 1945ರ ಅಕ್ಟೋಬರ್ ಕೊನೆಯಲ್ಲಿ ಸುರಬಾಯಾ ಪಟ್ಟಣದಲ್ಲಿ ಅವರು ಎದುರಿಸಿದ್ದು ಜಪಾನೀಯರನ್ನಲ್ಲ, ಆಗಷ್ಟೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಇಂಡೋನೇಷ್ಯಾದ ಜನರನ್ನು. ಅಕ್ಟೋಬರ್ 30ರಂದು ಅವರ ಬ್ರಿಗೇಡಿಯರ್ ಮ್ಯಾಲಬಿ ಅಲ್ಲಿಯೇ ಸತ್ತ. ಆ ಬ್ರಿಗೇಡಿನಲ್ಲಿ ಮರಾಠಾ ರೆಜಿಮೆಂಟಿನ ಆರನೆಯ ಪಲಟಣಿ ಇತ್ತು.

ಮುದುಕಿಯ ಅಪ್ಪ ‘ಬರ್ಮಾ’ ಎಂದದ್ದು ಮಣಿಪುರವನ್ನೋ, ನಿಜವಾದ ಬರ್ಮಾವನ್ನೋ, ಜಾವಾವನ್ನೋ? ನಮ್ಮ ಹಳ್ಳಿಗಳಲ್ಲಿ ಮೂಡಣದ ಸಮುದ್ರದಾಚೆಯದೆಲ್ಲ ಬರ್ಮಾವೇ ಆಗಿತ್ತು. ಅವನು ಇಂಫಾಲದಲ್ಲಿ ಸ್ವಂತ ನೆಲದ ಬಾಗಿಲು ಕಾಯ್ದವನೋ, ಸುರಬಾಯಾದ ಬೀದಿಯಲ್ಲಿ ಇನ್ನೊಂದು ದೇಶದ ಸ್ವಾತಂತ್ರ್ಯಕ್ಕೆ ಅಡ್ಡ ನಿಂತು ಮನಸ್ಸಿನಲ್ಲಿ ಏನೋ ಹೊತ್ತುಕೊಂಡು ಬಂದವನೋ? ಪಲಟಣಿಯ ಹೆಸರು, ನಂಬರು ಗೊತ್ತಿದ್ದರೆ ಇದಕ್ಕೆ ಉತ್ತರ ಸಿಗುತ್ತಿತ್ತು. ಅಂದು ಒಂದೇ ಪ್ರಶ್ನೆ ಹೆಚ್ಚಿಗೆ ಕೇಳಿದ್ದರೆ ಸಾಕಿತ್ತು.

ಈ ಬಟ್ಟೆಯ ಗುರುತುಗಳ ಹುಟ್ಟೇ ವಿಚಿತ್ರವಾದದ್ದು. ಶತ್ರುವಿಗೆ ಹೆಸರು ತಿಳಿಯಬಾರದು, ನಮ್ಮವರಿಗೆ ನಮ್ಮವರ ಗುರುತು ಸಿಗಬೇಕು, ಇದಕ್ಕಾಗಿ ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಅಕ್ಷರ, ಅಂಕಿಗಳ ಬದಲು ಚಿತ್ರಗಳನ್ನು ಬಳಸತೊಡಗಿತು. ಅಮೆರಿಕನ್ನರಲ್ಲಿ 1918ರಲ್ಲಿ 81ನೆಯ ಡಿವಿಜನ್ ಕಾಡುಬೆಕ್ಕಿನ ಚಿತ್ರವನ್ನು ತೋಳಿಗೆ ಹೊಲಿದುಕೊಂಡದ್ದೇ ಮೊದಲು ಎನ್ನುತ್ತಾರೆ. ಎರಡನೆಯ ಯುದ್ಧದ ಹೊತ್ತಿಗೆ ನಮ್ಮ ಸೈನ್ಯದಲ್ಲಿ ಒಂದು ಪ್ರಾಣಿಸಂಗ್ರಹಾಲಯವೇ ಇತ್ತು. ನಾಲ್ಕನೆಯ ಡಿವಿಜನ್ನಿಗೆ ಕೆಂಪು ಹದ್ದು, ಹದಿನೇಳನೆಯದಕ್ಕೆ ಕರಿಬೆಕ್ಕು, ಇಪ್ಪತ್ತಾರನೆಯದಕ್ಕೆ ಹುಲಿ. ಐದನೆಯದಕ್ಕೆ ಕಪ್ಪಿನ ಮೇಲೆ ಕೆಂಪು ಉಂಡೆ, ಬೆಂಕಿಯ ಚೆಂಡು ಎಂದು ಅದಕ್ಕೆ ಹೆಸರು. ಇಟಲಿಯಲ್ಲಿ ಕಾದಿದ ಎಂಟನೆಯದಕ್ಕೆ ಕೆಂಪಿನ ಮೇಲೆ ಹಳದಿ ಕ್ಲೋವರ್ ಎಲೆಗಳು. ಬೆಕ್ಕು ಅಡ್ಡ ಹೋದರೆ ಮನೆಯಿಂದ ಹೊರಡದ ನಮ್ಮ ಹುಡುಗರು ಕರಿಬೆಕ್ಕನ್ನೇ ತೋಳಿಗೆ ಹಚ್ಚಿಕೊಂಡು ಹೇಗೆ ನಡೆದರೋ, ಅದು ಬೇರೆ ಮಾತು.

ಹೆಸರು ಮುಚ್ಚಿಡಲೆಂದೇ ಹುಟ್ಟಿದ ವಸ್ತುವಿಗೆ ಹೆಸರು ಕಟ್ಟುವುದು ಸಂಗ್ರಾಹಕನ ಕೆಲಸ. ಇದನ್ನು ತಿಳಿಯದೆ ಬರಿಯ ಬಿಲ್ಲೆಗಳನ್ನು ಕೂಡಿಹಾಕುವವನಿಗೂ ಬೆಂಕಿಪೆಟ್ಟಿಗೆಯ ಚಿತ್ರ ಕೂಡಿಸುವ ಹುಡುಗನಿಗೂ ದೊಡ್ಡ ಅಂತರವಿಲ್ಲ.

ನಮ್ಮ ಕಡೆಯವರು ಸೈನ್ಯಕ್ಕೆ ಹೋದದ್ದು ಹೇಗೆ ಎಂಬುದನ್ನು ಕಿರಿಯರಿಗಾಗಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾವು ಆಗ ಮುಂಬಯಿ ಪ್ರಾಂತದವರು. ಮೈಸೂರಿನವರಿಗೆ ತಮ್ಮದೇ ಸಂಸ್ಥಾನದ ಕುದುರೆಪಡೆ ಇತ್ತು, ಅದು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೆಸರು ಮಾಡಿತು. ನಮಗೆ ಹತ್ತಿರವಿದ್ದದ್ದು ಮರಾಠಾ ಪಲಟಣಿಗಳು. 1922ರಲ್ಲಿ ಅವುಗಳನ್ನು ಒಂದುಗೂಡಿಸಿ ರೆಜಿಮೆಂಟು ಮಾಡಿದರು, ಅದರ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡಿತು, ಈಗಲೂ ಅಲ್ಲೇ ಇದೆ. ಹೆಸರು ಮರಾಠಾ ಎಂದಿದ್ದರೂ ಅದರಲ್ಲಿ ಕನ್ನಡ ಮಾತಾಡುವವರೂ ಇದ್ದರು, ಇದ್ದಾರೆ. ಜೊತೆಗೆ ಕೂಲಿ ಪಡೆ, ಹೇಸರಗತ್ತೆಯ ಪಡೆ, ಆಸ್ಪತ್ರೆಯ ಡೋಲಿ ಹೊರುವವರು, ಅಡಿಗೆಯವರು, ಡ್ರೈವರುಗಳು. ಬಂದೂಕು ಹಿಡಿಯದವರ ವಸ್ತುಗಳನ್ನು ನಾವು ಕೇಳುವುದೇ ಇಲ್ಲ. ಮೊದಲ ಯುದ್ಧದಲ್ಲಿ ಕೂಲಿ ಪಡೆಯವರಿಗೆ ಬೆಳ್ಳಿಯ ಪದಕದ ಬದಲು ಅದೇ ಅಚ್ಚಿನ ಕಂಚಿನ ಪದಕ ಕೊಟ್ಟರು. ‘ತಾಮ್ರದ್ದು, ಕಿಮ್ಮತ್ತಿಲ್ಲ’ ಎಂದು ಮನೆಯವರೇ ಅದನ್ನು ಮೂಲೆಗೆ ಹಾಕಿದ್ದನ್ನು ನೋಡಿದ್ದೇನೆ. ನಿಜವಾಗಿ ನೋಡಿದರೆ ಅಪರೂಪವಾದದ್ದು ಅದೇ.

ಹೆಸರಿನ ಮಾತಿಗೆ ಬರುತ್ತೇನೆ. ಹಾನಗಲ್ಲಿನಲ್ಲಿ ನಿಂತು ಇದನ್ನು ಹೇಳಲು ಒಂದು ಕಾರಣವಿದೆ. ಈ ಊರು ಪಾನುಂಗಲ್ಲು ಎನಿಸಿಕೊಂಡಿದ್ದ ಕಾಲದಲ್ಲಿ ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿತ್ತು. ತಾರಕೇಶ್ವರ ಗುಡಿಯ ಆವರಣದಲ್ಲಿರುವ ದೊಡ್ಡ ವೀರಗಲ್ಲನ್ನು ನೀವೆಲ್ಲ ಬಾಲ್ಯದಿಂದ ನೋಡಿದ್ದೀರಿ. ವೀರಗಲ್ಲುಗಳ ರೀತಿ ನಿಮಗೆ ಗೊತ್ತೇ ಇದೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲುಗಡೆ ಶಿವನ ಸನ್ನಿಧಿ. ಎಲ್ಲ ಕಲ್ಲುಗಳಲ್ಲೂ ಬರಹವಿಲ್ಲ, ಎಷ್ಟೋ ಸವೆದುಹೋಗಿವೆ. ಆದರೆ ಬರಹ ಇರುವಲ್ಲಿ, ಯಾರು, ಯಾರ ಮಗ, ಯಾವ ಊರಿನ ದನ ಬಿಡಿಸಲು ಹೋಗಿ ಬಿದ್ದ ಎಂಬುದು ಇರುತ್ತದೆ. ಎಂಟು ನೂರು ವರ್ಷದ ಹಿಂದೆ ದನ ಕಾಯಲು ಸತ್ತವನ ಹೆಸರು ಓದಬಹುದು.

1919ರ ನಂತರ ಬ್ರಿಟಿಷ್ ಸರ್ಕಾರವೂ ಹಳ್ಳಿಗಳಲ್ಲಿ ಕಲ್ಲು ಹಾಕಿಸಿತು. ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಚಾವಡಿಯ ಗೋಡೆಯಲ್ಲೋ ಶಾಲೆಯ ಗೋಡೆಯಲ್ಲೋ ಅಂಥ ಬಿಳಿಯ ಹಾಸುಗಲ್ಲುಗಳಿವೆ. ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು, ಅಷ್ಟೇ. ಎಣಿಕೆ ಇದೆ, ಹೆಸರಿಲ್ಲ. ಇರಾಕಿನ ಬಸ್ರಾದಲ್ಲಿ ಮೆಸೊಪೊಟೇಮಿಯಾದ ಯುದ್ಧದಲ್ಲಿ ಸತ್ತು ಸಮಾಧಿ ಗೊತ್ತಿಲ್ಲದ ನಾಲ್ವತ್ತು ಸಾವಿರಕ್ಕೂ ಹೆಚ್ಚು ಜನರ ಸ್ಮಾರಕವಿದೆ. ಅದರ ಹಲಗೆಗಳ ಮೇಲೆ ಬ್ರಿಟಿಷರ ಹೆಸರುಗಳಿದ್ದವು, ಭಾರತೀಯ ಅಧಿಕಾರಿಗಳ ಹೆಸರುಗಳಿದ್ದವು. ಮೂವತ್ತು ಸಾವಿರಕ್ಕೂ ಮಿಕ್ಕಿದ ಭಾರತೀಯ ಸಿಪಾಯಿಗಳಿಗೆ ಮಾತ್ರ ಪಲಟಣಿಯ ಹೆಸರಿನ ಕೆಳಗೆ ಒಂದು ಸಂಖ್ಯೆ. ಕೂತ್ ಪಟ್ಟಣದ ಮುತ್ತಿಗೆಯಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಹೊಟ್ಟೆಗಿಲ್ಲದೆ ನಿಂತ 103, 110, 117ನೆಯ ಮರಾಠಾ ಪಲಟಣಿಗಳು ಆ ಯುದ್ಧರಂಗದವೇ. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ವರದಿ ಹೊರಡಿಸಿ, ಏಷ್ಯಾ ಮತ್ತು ಆಫ್ರಿಕದ ಸೈನಿಕರನ್ನು ಸಮನಾಗಿ ನೆನೆಯಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು.

ಈಗ ತಮಾಷೆ ನೋಡಿ. ಅದೇ ಸರ್ಕಾರ ಸತ್ತವರ ಮನೆಗಳಿಗೆ ಕಂಚಿನ ಒಂದು ದುಂಡು ಫಲಕ ಕಳಿಸಿತ್ತು. ಅಡ್ಡಳತೆ 120 ಮಿಲಿಮೀಟರು, ಊಟದ ಬಟ್ಟಲಿನ ತಳದಷ್ಟು. ಬ್ರಿಟಾನಿಯಾ ದೇವಿ, ಅವಳ ಪಕ್ಕ ಸಿಂಹ, ಒಂದು ಚೌಕದಲ್ಲಿ ಸತ್ತವನ ಹೆಸರು. ಎಲ್ಲರ ಬಲಿದಾನವೂ ಒಂದೇ ಎಂದು ತೋರಿಸಲು ಹುದ್ದೆಯನ್ನು ಹಾಕದೆ ಬರಿಯ ಹೆಸರು ಎರಕ ಹೊಯ್ದಿದ್ದರು. ಸ್ಮಾರಕದಲ್ಲಿ ಅಂಕಿಯಾದ ಸಿಪಾಯಿ ಈ ಫಲಕದಲ್ಲಿ ಮನುಷ್ಯನಾಗಿ ಉಳಿದಿದ್ದಾನೆ. ಅಂದರೆ ನಿಮ್ಮ ಮನೆಯ ಅಟ್ಟದ ಮೇಲಿನ ಕಂಚಿನ ತುಂಡು ಬಸ್ರಾದ ದೊಡ್ಡ ಗೋಡೆಗಿಂತ ಹೆಚ್ಚು ಹೇಳೀತು. ಮೊದಲ ಯುದ್ಧದ ಪದಕಗಳ ಅಂಚಿನಲ್ಲೂ ಹೀಗೇ ನಂಬರು, ಹೆಸರು, ಪಲಟಣಿ ಕೆತ್ತಿರುತ್ತಾರೆ. ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸಿ ನೋಡಬೇಕು. ಬಹಳ ಮನೆಗಳಲ್ಲಿ ರಾಜನ ಮುಖ ನೋಡಿದ್ದಾರೆ, ಅಂಚು ನೋಡಿಲ್ಲ.

ಹಾಗೆ ನೋಡದೆ ಹೋದದ್ದಕ್ಕೆ ಹಿರೇಕೆರೂರು ಕಡೆಯ ಒಂದು ಮನೆ ನೆನಪಾಗುತ್ತದೆ. ಮುತ್ತಜ್ಜನಿಗೆ ಬಂದಿದ್ದ ಬೆಳ್ಳಿ ಪದಕವನ್ನು ಕೇಳಿಕೊಂಡು ಹೋದರೆ ಮನೆಯ ಯಜಮಾನರು ಕೊರಳಿನ ಕರಡಿಗೆಯನ್ನು ತೋರಿಸಿದರು. ಪದಕ ಕರಗಿಸಿ ಇಷ್ಟಲಿಂಗದ ಕರಡಿಗೆಗೆ ಸೇರಿಸಿದ್ದರು. ಎರಡೂವರೆ ತೊಲೆಗೂ ಮಿಕ್ಕಿದ ಬೆಳ್ಳಿ, ಬರಗಾಲದ ಮನೆಗೆ ಅದೇನು ಸಣ್ಣ ಸೊತ್ತಲ್ಲ. ಇದರಲ್ಲಿ ಅವರನ್ನು ದೂರಲು ನನಗೆ ಮನಸ್ಸಿಲ್ಲ. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಏರಿದಾಗ ಇಂಗ್ಲೆಂಡಿನಲ್ಲೇ ಇಂಥ ಪದಕಗಳನ್ನು ರಾಶಿರಾಶಿಯಾಗಿ ಕರಗಿಸಿದರು. ನಮ್ಮ ಮುತ್ತಜ್ಜನದು ದಿನಾಲೂ ಪೂಜೆಗೆ ಬರುತ್ತಿದೆ, ಅಷ್ಟಾದರೂ ಆಯಿತು. ನನಗೆ ಸಂಕಟವಾದದ್ದು ಬೆಳ್ಳಿ ಹೋದದ್ದಕ್ಕಲ್ಲ. ಕರಗಿಸುವ ಮೊದಲು ಅಂಚಿನ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ ಎಂದು ಹೇಳುವವರು ಯಾರೂ ಇರಲಿಲ್ಲ.

ಸವಣೂರಿನ ಒಂದು ಮನೆಯಲ್ಲಿ ಅದೃಷ್ಟ ಬೇರೆಯಾಗಿತ್ತು. ಊರಿನ ವೀಳ್ಯದೆಲೆ ನಿಮಗೆಲ್ಲ ಗೊತ್ತು. ಎಲೆಯ ಜೊತೆ ಲವಂಗ, ಅಡಿಕೆ ಇಡುವ ಚಪ್ಪಟೆಯ ಹಿತ್ತಾಳೆ ಡಬ್ಬಿಯೊಂದನ್ನು ನನ್ನ ಮುಂದೆ ಇಟ್ಟರು. ಮುಚ್ಚಳದ ಮೇಲೆ ಹೆಣ್ಣುಮಗಳ ಮುಖ. ‘ನವಾಬರ ದರಬಾರಿಂದ ಬಂದಿದ್ದು’ ಎಂದು ಮನೆಯವರ ನಂಬಿಕೆ. ತಿಕ್ಕಿ ತಿಕ್ಕಿ ಸವೆದಿದ್ದರೂ 1914 ಎಂಬುದು ಕಾಣುತ್ತಿತ್ತು. ಅದು ಇಂಗ್ಲೆಂಡಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಚಂದಾ ಎತ್ತಿ 1914ರ ಕ್ರಿಸ್‌ಮಸ್ಸಿಗೆಂದು ಸೈನಿಕರಿಗೆ ಹಂಚಿದ ಡಬ್ಬಿ. ಬ್ರಿಟಿಷ್ ಸಿಪಾಯಿಗಳಿಗೆ ಅದರಲ್ಲಿ ತಂಬಾಕು, ಸಿಗರೇಟು. ನಮ್ಮವರಿಗೆ ಕಲ್ಲುಸಕ್ಕರೆ, ಮಸಾಲೆ ಪದಾರ್ಥದ ಪುಟ್ಟ ತಗಡಿನ ಡಬ್ಬಿ. ಸಿಖ್ಖರಿಗೆ ಸಿಗರೇಟು ಬಿಟ್ಟು. ಯಾರ ಬಾಯಿಗೆ ಏನು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಯಾರೋ ಕುಳಿತು ಲೆಕ್ಕ ಹಾಕಿದ್ದರು! ನಾನು ಇದನ್ನೆಲ್ಲ ಹೇಳಿದ ಮೇಲೆ ಮನೆಯ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾರ ನಮ್ಮ ಮುತ್ತ್ಯಾ ಬಸರಾಕ್ಕ ಹೋಗಿದ್ದು ಖರೇ’ ಎಂದರು. ಅದುವರೆಗೆ ಅದು ಮನೆಯಲ್ಲಿ ಬರಿಯ ಕಥೆಯಾಗಿತ್ತು. ಡಬ್ಬಿಯನ್ನು ನಾನು ಕೇಳಲಿಲ್ಲ. ಹುಂಜದ ಪಾಠ ಅಷ್ಟು ಕಲಿಸಿತ್ತು.

ಹೆಸರು ಸಿಕ್ಕಮೇಲೆ ಹುಡುಕುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಯುದ್ಧಸಮಾಧಿ ಆಯೋಗದ ಪಟ್ಟಿಯನ್ನು ಈಗ ಮೊಬೈಲಿನಲ್ಲೇ ಹುಡುಕಬಹುದು. ಅನೇಕ ಹೆಸರುಗಳ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಕೊಟ್ಟಿರುತ್ತಾರೆ. ಆದರೆ ಹಾವೇರಿ ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗದು. ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಧಾರವಾಡ ಎಂದು ಹುಡುಕಬೇಕು. ಶಿಗ್ಗಾಂವಿ ತಾಲ್ಲೂಕಿಗೆ ಆಗ ಬಂಕಾಪುರ ತಾಲ್ಲೂಕೆಂದು ಹೆಸರು. ಹಿರೇಕೆರೂರು ತಾಲ್ಲೂಕು ಕೋಡ ತಾಲ್ಲೂಕಾಗಿತ್ತು. ಹಾವೇರಿಯದು ಕರಜಗಿ. ಸವಣೂರು 1948ರವರೆಗೆ ನವಾಬರ ಸಂಸ್ಥಾನ, ಅದರ ಲೆಕ್ಕವೇ ಬೇರೆ. ಹಾನಗಲ್ ಒಂದೇ ಹಾನಗಲ್ಲಾಗಿ ಉಳಿದಿದೆ. ಇದರ ಮೇಲೆ ಗುಮಾಸ್ತನ ಕಿವಿ ಬೇರೆ. ಕನ್ನಡದ ಳಕಾರ, ಣಕಾರಗಳು ಅವನ ಇಂಗ್ಲಿಷಿನಲ್ಲಿ ಏನಾಗಿವೆಯೆಂದು ಊಹಿಸಿ ನಾಲ್ಕಾರು ಬಗೆಯಲ್ಲಿ ಹುಡುಕಬೇಕು. ಪಂಜಾಬಿನವರಿಗೆ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಮೊದಲ ಯುದ್ಧದ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರ ಹಳ್ಳಿವಾರು ಪುಸ್ತಕಗಳು ಸಿಕ್ಕವು, 2021ರಲ್ಲಿ ಅವುಗಳನ್ನು ಜನರಿಗೆ ತೆರೆದಿಡತೊಡಗಿದರು. ನಮ್ಮದನ್ನು ನಾವೇ ಮನೆಮನೆಗೆ ಹೋಗಿ ಕೂಡಿಸಬೇಕು.

ಅದಕ್ಕೇ ಕಾಗದಪತ್ರಗಳನ್ನು ಕೀಳಾಗಿ ಕಾಣಬೇಡಿ. ಶಿಗ್ಗಾಂವಿಯ ಹತ್ತಿರ ಒಂದು ಮನೆಯಲ್ಲಿ ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ ಸಿಕ್ಕಿತು. ಅದರ ಖಾಲಿ ಹಾಳೆಗಳಲ್ಲಿ ಜೋಳದ ಕಡದ ಲೆಕ್ಕ ಬರೆದಿದ್ದರು. ಆ ಲೆಕ್ಕದ ದೆಸೆಯಿಂದಲೇ ಪುಸ್ತಕ ಉಳಿದಿತ್ತೆನ್ನಬೇಕು! ಮುಂದಿನ ಪುಟಗಳಲ್ಲಿ ಅವನ ನಂಬರು, ಎತ್ತರ, ಮೈಮೇಲಿನ ಮಚ್ಚೆ, ಊರು, ತಾಲ್ಲೂಕು, ಆಫ್ರಿಕ, ಇಟಲಿ ಎಂದು ಸುತ್ತಿದ ದೇಶಗಳು. ಎದೆಯ ಮೇಲಿನ ಪದಕಕ್ಕಿಂತ ನನಗೆ ಆ ಮಚ್ಚೆ ಹತ್ತಿರವೆನಿಸಿತು.

ಸಂಗ್ರಹದ ಪೇಟೆಯ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಈಗ ಹಳ್ಳಿಗಳಿಗೂ ದಲ್ಲಾಳಿಗಳು ಬರುತ್ತಿದ್ದಾರೆ. ಅಮೆರಿಕದ ಸಂಗ್ರಾಹಕರು ತುಂಬ ಬೆಲೆ ಕೊಡುವ ವಸ್ತುಗಳಲ್ಲಿ ನಮ್ಮ ದೇಶದಲ್ಲೇ ಹೊಲಿದ ಬಿಲ್ಲೆಗಳೂ ಇವೆ. ಯುದ್ಧಕಾಲದಲ್ಲಿ ಚೀನಾ, ಬರ್ಮಾ, ಇಂಡಿಯಾ ರಂಗಕ್ಕೆಂದು ಬಂದ ಅಮೆರಿಕನ್ ಸೈನಿಕರು ತಮ್ಮ ತೋಳಿನ ಗುರುತನ್ನು ಕಲಕತ್ತೆಯಂಥ ಊರುಗಳ ದರ್ಜಿಗಳಿಂದ ಜರಿ, ರೇಷ್ಮೆ ಹಾಕಿಸಿ ಮಾಡಿಸಿಕೊಂಡರು. ಬೆಂಗಳೂರಿಗೂ ಅವರು ಬಂದಿದ್ದರು. 1943ರಿಂದ ನಮ್ಮ ವಿಮಾನ ಕಾರ್ಖಾನೆ ಅವರ ವಿಮಾನ ರಿಪೇರಿಯ ನೆಲೆಯಾಗಿತ್ತು. ಆ ಬಿಲ್ಲೆ ತೊಟ್ಟವನ ಚರಿತ್ರೆಯನ್ನು ಅವರು ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಸೂಜಿ ಹಿಡಿದವನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಬೆಲೆ ಇದ್ದಲ್ಲಿ ಖೋಟಾ ಇದ್ದೇ ಇರುತ್ತದೆ. ಈಗಿನ ದಾರ ನೋಟು ಪರೀಕ್ಷಿಸುವ ನೇರಳೆ ದೀಪದಡಿ ಸಾಮಾನ್ಯವಾಗಿ ಹೊಳೆಯುತ್ತದೆ, ಆ ಕಾಲದ ಹತ್ತಿಯ ದಾರ ಹೊಳೆಯುವುದಿಲ್ಲ. ಆದರೂ ಇತ್ತೀಚಿನ ಸಾಬೂನಿನಲ್ಲಿ ಒಗೆದ ಹಳೆಯ ಬಟ್ಟೆಯೂ ಹೊಳೆಯುವುದರಿಂದ ದೀಪವೊಂದನ್ನೇ ನಂಬಬಾರದು. ಇನ್ನು ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಪರವಾನಗಿ ಇಲ್ಲದೆ ದೇಶದ ಹೊರಗೆ ಸಾಗಿಸಲು 1972ರ ಪ್ರಾಚ್ಯವಸ್ತು ಕಾಯಿದೆಯಲ್ಲಿ ಅವಕಾಶವಿಲ್ಲ. ಮೊದಲ ಯುದ್ಧದ ಪದಕಗಳಿಗೆ ಆ ವಯಸ್ಸು ತುಂಬಿದೆ. ದಲ್ಲಾಳಿ ಇದನ್ನು ನಿಮಗೆ ಹೇಳುವುದಿಲ್ಲ.

ನಮ್ಮವರು ಹೊರದೇಶದಿಂದ ತಂದ ವಸ್ತುಗಳಲ್ಲಿ ಎಲ್ಲವೂ ನಮ್ಮವಲ್ಲ ಎಂಬುದನ್ನೂ ನೆನಪಿಡಬೇಕು. ಬಿದ್ದವರ ಜೇಬಿನಿಂದ ತೆಗೆದದ್ದೂ ಇದೆ. ಜಪಾನಿನ ಹುಡುಗ ಯುದ್ಧಕ್ಕೆ ಹೊರಟಾಗ ಮನೆಯವರು, ನೆರೆಯವರು ಬಿಳಿಯ ಬಾವುಟದ ಮೇಲೆ ಕೆಂಪು ಸೂರ್ಯನ ಸುತ್ತ ತಮ್ಮ ಹೆಸರುಗಳನ್ನು ಬರೆದು ಹರಸಿ ಕೊಡುತ್ತಿದ್ದರು. ಗೆದ್ದವರು ಅವುಗಳನ್ನು ನೆನಪಿಗೆಂದು ಒಯ್ದರು. ಅಮೆರಿಕದ ಓರೆಗಾನಿನಲ್ಲಿ ಗಂಡಹೆಂಡತಿ 2009ರಲ್ಲಿ ಆರಂಭಿಸಿದ ಓಬಾನ್ ಸೊಸೈಟಿ ಎಂಬ ಸಂಸ್ಥೆ ಅಂಥ ನೂರಾರು ಬಾವುಟಗಳನ್ನು ಜಪಾನಿನ ಮನೆಗಳಿಗೆ ಮುಟ್ಟಿಸಿದೆ. ಮುಟ್ಟಿಸಲು ಆದದ್ದು ಬಟ್ಟೆಯ ಮೇಲೆ ಹೆಸರುಗಳಿದ್ದುದರಿಂದ. ಬರ್ಮಾ ಕಂಡ ನಮ್ಮ ಅಜ್ಜಂದಿರ ಟ್ರಂಕಿನ ತಳದಲ್ಲೂ ಅಂಥದೊಂದು ಇದ್ದೀತು. ಇದ್ದರೆ ನಾಚಿಕೆಪಡದೆ ಹೊರಗೆ ತೆಗೆಯಿರಿ.

ಕಾಪಾಡುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಣಸೆಹುಳಿ, ಬೂದಿ ಹಾಕಿ ಪದಕ ತಿಕ್ಕಬೇಡಿ, ಅಂಚಿನ ಅಕ್ಷರ ಮೊದಲು ಹೋಗುತ್ತದೆ. ಕಾಗದಕ್ಕೆ ಪ್ಲಾಸ್ಟಿಕ್ ಅಂಟಿಸಬೇಡಿ. ಉಣ್ಣೆಯ ಬಿಲ್ಲೆಗಳನ್ನು ಒಗೆದ ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ, ಹುಳ ಬಿದ್ದಿದೆಯೇ ಎಂದು ವರ್ಷಕ್ಕೆರಡು ಸಲ ಬಿಚ್ಚಿ ನೋಡಿ. ಅಂಗಿಯಿಂದ ಬಿಲ್ಲೆಯನ್ನು, ರಿಬ್ಬನ್ನಿನಿಂದ ಪದಕವನ್ನು, ಒಬ್ಬನ ಪದಕಗಳನ್ನು ಅಣ್ಣತಮ್ಮಂದಿರ ಪಾಲಿನಲ್ಲಿ ಬೇರೆಬೇರೆ ಮಾಡಬೇಡಿ. ಹೊಲ ಹಂಚಿಕೊಳ್ಳಿ, ಇದನ್ನು ಒಬ್ಬರ ಬಳಿಯೇ ಇಡಿ.

ಮೊದಲ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿದರು, ಸುಮಾರು 74 ಸಾವಿರ ಜನ ಸತ್ತರು. ಎರಡನೆಯದರಲ್ಲಿ 25 ಲಕ್ಷ ಜನ ಸೈನ್ಯದಲ್ಲಿದ್ದರು, ಸತ್ತವರು ಸುಮಾರು 87 ಸಾವಿರ. ಇಷ್ಟು ದೊಡ್ಡ ಲೆಕ್ಕದಲ್ಲಿ ನಮ್ಮ ನಾಲ್ಕು ತಾಲ್ಲೂಕಿನವರು ಬಿದ್ದುಹೋಗುವುದು ಸುಲಭ. ಅವರನ್ನು ಕಣ್ಣಾರೆ ಕಂಡ ಮಕ್ಕಳಿಗೇ ಈಗ ಎಂಬತ್ತು ದಾಟುತ್ತಿದೆ. 1987ರಿಂದ 1990ರವರೆಗೆ ಶ್ರೀಲಂಕೆಗೆ ಹೋಗಿ ಬಂದವರು, ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟವರು ಈ ಸಭೆಯಲ್ಲೂ ಇರಬಹುದು. ನಿಮ್ಮದೂ ಇದೇ ಚರಿತ್ರೆ. ನಿಮ್ಮ ಬಿಲ್ಲೆಯ ಹಿಂದೆ ನೀವೇ ಬರೆದಿಡಿ, ಮೊಮ್ಮಗನ ಊಹೆಗೆ ಬಿಡಬೇಡಿ.

ನನ್ನ ಹುಂಜವನ್ನೂ ಇವತ್ತು ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಅದರ ಕೆಳಗಿನ ಚೀಟಿಯಲ್ಲಿ ಊರಿನ ಹೆಸರು ಬರೆದು, ಮುಂದಿನ ಜಾಗ ಖಾಲಿ ಬಿಟ್ಟಿದ್ದೇನೆ. ಆ ಊರಿನವರು ಯಾರಾದರೂ ಬಂದಿದ್ದರೆ, ಆ ಮನೆಯ ನಂಟರಿದ್ದರೆ, ದಯವಿಟ್ಟು ನೋಡಿ. ಉಳಿದವರಿಗಾಗಿ ಪಕ್ಕದಲ್ಲಿ ಖಾಲಿ ಚೀಟಿಗಳೂ ಪೆನ್ಸಿಲುಗಳೂ ಇವೆ. ವಸ್ತು ನಿಮ್ಮ ಹತ್ತಿರವೇ ಇರಲಿ, ಹೆಸರನ್ನು ಬರೆಸಿ ಹೋಗಿ.